ಬಿಸಿಯಾಗದ ಇಂಜಿನ್

ಯಲ್ಲಾಪುರದ ನನ್ನ ಸೈಬರ್ ಕೆಫೆಗೆ ಊರಿನವರೇ ಆದ ಲಾರಿ ಡ್ರೈವರ್ ಚಾಚಾ ಒಬ್ಬರು ಬರುತ್ತಿದ್ದರು. ಲಾರಿಗೆ ಮಾಲು ತುಂಬುವವರೆಗೆ ಯುದ್ಧವಿಮಾನದ ಆಟ ಆಡುವುದು ಅವರ ಚಟ. ಹಾರಿಸುವುದು ಮಾತ್ರ ತುಂಬಿದ ಲಾರಿಯನ್ನು ಅರಬೈಲ್ ಘಟ್ಟ ಹತ್ತಿಸಿದ ಹಾಗೆ. ಸ್ವಲ್ಪ ಮೇಲೇರಿದರೆ ಸಾಕು, ಶತ್ರು ಬೆನ್ನಟ್ಟುತ್ತಿದ್ದರೂ ವಿಮಾನ ಕೆಳಗಿಳಿಸಿ, ಇಂಜಿನ್ ತಣಿಯಲಿ ಎಂದು ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು.

“ಈ ಆಟದಲ್ಲಿ ಇಂಜಿನ್ ಬಿಸಿಯೇ ಆಗೂದಿಲ್ಲ ಚಾಚಾ” ಎಂದರೆ ಪ್ರತಿ ಸಲವೂ ಒಂದೇ ಉತ್ತರ.

“ಬಿಸಿ ಆಗದೇ ಇದ್ರೆ ಅದೆಂಥ ಇಂಜಿನ್ ಮಾರಾಯಾ?”

ಒಂದು ದಿನ ಶಿರಸಿಯ ಕಾಲೇಜು ಹುಡುಗನೊಬ್ಬ ಪಕ್ಕದ ಕಂಪ್ಯೂಟರಿನಲ್ಲಿ ಕುಳಿತು ಅವರಿಗೆ ಸವಾಲು ಹಾಕಿದ. ಊರಿನ ಮರ್ಯಾದೆಯ ಪ್ರಶ್ನೆ, ಜನ ಸೇರಿದರು. ಚಾಚಾ ಮೊದಲ ಸಲ ಪೂರ್ತಿ ವೇಗ ಕೊಟ್ಟರು. ಹುಡುಗನ ವಿಮಾನ ಇನ್ನೇನು ಗುರಿಗೆ ಸಿಕ್ಕಿತು ಎನ್ನುವಾಗ ಅವರ ಮೊಣಕಾಲು ಮೇಜಿನಡಿಯ ಸಿಪಿಯು ಡಬ್ಬಕ್ಕೆ ತಾಗಿತು. ಅದು ಕಾದು ಬಿಸಿಯಾಗಿತ್ತು.

ಚಾಚಾ ಆಟ ಬಿಟ್ಟು ಮೇಜಿನಡಿಗೆ ನುಗ್ಗಿದರು. ಅವರ ವಿಮಾನ ನೆಲಕ್ಕೆ ಅಪ್ಪಳಿಸಿತು, ಶಿರಸಿಯವ ಕುಣಿದ. ಅವರು ಮಾತ್ರ ಡಬ್ಬ ಸವರುತ್ತ, ಗೆದ್ದವರ ಹಾಗೆ ನನ್ನತ್ತ ನೋಡಿದರು. ಇನ್ನೊಂದು ಕೈಯಲ್ಲಿ ಮುಚ್ಚಳ ತೆಗೆದ ನೀರಿನ ಬಾಟಲಿ.

“ಖರೇ ಇಂಜಿನ್ನೇ ಮಾರಾಯಾ ಇದು! ನೀರು ಎಲ್ಲಿ ಹೊಯ್ಯೂದು, ಬೇಗ ಹೇಳು!”