ಮೊಯ್ದು ಕಾಕ ಒಪ್ಪಿಕೊಂಡ ನನ್ನ ತಪ್ಪು

ಪಕ್ಕದ ಮನೆಗೆ ಹೊಸ ಬಾಗಿಲು ಕೂರಿಸುತ್ತಿದ್ದಾರೆ. ಹೊನ್ನೆ ಮರದ ಹೊಟ್ಟಿನ ವಾಸನೆ ಬೆಳಗಿನಿಂದ ಮೂಗಿನಲ್ಲೇ ಕೂತಿದೆ. ನೀವಾದರೆ ಒಮ್ಮೆ ಸೀನಿ ಸುಮ್ಮನಾಗುತ್ತಿದ್ದಿರಿ. ನನಗೆ ಹುಣಸೂರಿನ ಮರದ ಅಡ್ಡೆ ನೆನಪಾಗುತ್ತದೆ.

ಅಲ್ಲಿ ನಾನು ಗಾಡಿಗಳಿಗೆ ಚೀಟಿ ಬರೆಯುತ್ತಿದ್ದೆ. ಸಂಬಳ ಅದಕ್ಕೆ, ಕಸುಬು ಮಾತ್ರ ಅಣಕ. ಅಮಲ್ದಾರರ ಕೆಮ್ಮು, ಫಾರೆಸ್ಟ್ ಗಾರ್ಡಿನ ನಡಿಗೆ, ನನ್ನದೇ ಕೀರಲು ದನಿ, ಯಾವುದನ್ನೂ ಬಿಟ್ಟವನಲ್ಲ. ಮರ ಕುಯ್ಯುವ ಮೊಯ್ದು ಕಾಕನನ್ನು ಅಣಕಿಸಿದರೆ ರುಚಿಯೇ ಇರುತ್ತಿರಲಿಲ್ಲ. ನನಗಿಂತ ಮೊದಲು ಅವನೇ ನಗುತ್ತಿದ್ದ. ವಯನಾಡಿನಿಂದ ಮೈಸೂರು ಸಂಸ್ಥಾನದ ಗಡಿ ದಾಟಿ ಬಂದು, ಹುಣಸೂರಿನ ಜೈನಬಿಯನ್ನು ಮದುವೆಯಾಗಿ ಇಲ್ಲೇ ಬೇರುಬಿಟ್ಟವನು.

ಅಡ್ಡೆಯಲ್ಲೊಂದು ಪದ್ಧತಿಯಿತ್ತು. ಕಾಡಿನ ಬಿದಿರು ಕಡಿದು ಸಿಕ್ಕಿಬಿದ್ದರೆ, ಕಡಿದವನೇ ಅಮಲ್ದಾರರ ಕಚೇರಿಗೆ ಹೋಗಬೇಕೆಂದಿಲ್ಲ. ಆ ದಿನ ಯಾರಿಗೆ ಬಿಡುವೋ ಅವನು ಹೋಗಿ, ‘ತಪ್ಪು ನಂದೇ ಸ್ವಾಮಿ’ ಎಂದು ದಂಡ ತೆತ್ತು, ಊಟದ ಹೊತ್ತಿಗೆ ವಾಪಸು. ವಾದ ಹೂಡಿದರೆ ತಿಂಗಳುಗಟ್ಟಲೆ ಅಲೆದಾಟ. ಒಪ್ಪಿದರೆ ಒಂದೇ ಮಾತು.

ಆ ಸಲ ನಾಟಕದ ಚಪ್ಪರಕ್ಕೆಂದು ಬಿದಿರು ಕಡಿದು ಸಿಕ್ಕಿಬಿದ್ದವನು ನಾನು. ವಿಚಾರಣೆಯ ದಿನವೇ ಪಿರಿಯಾಪಟ್ಟಣದಲ್ಲಿ ನಾಟಕ.

“ಕಾಕಾ, ನನ್ನ ಬದ್ಲು ನೀನೋಗಿ ಬಂದ್ಬುಡು.”

“ಅದಕ್ಕೇನು ಮೋನೇ, ಒಂದು ಮಾತಲ್ವಾ?” ಎಂದ. ಮಗನೇ ಎನ್ನುವುದಕ್ಕೆ ಅವನ ಬಾಯಲ್ಲಿ ಮೋನೇ.

ಎರಡು ವರ್ಷದ ಮೇಲೆ, ಸಂಸ್ಥಾನಕ್ಕೆ ಹೊರಗಿನಿಂದ ಬಂದು ನೆಲೆಸಿದ ಪರಸೀಮೆಯವರ ಪಟ್ಟಿಯನ್ನು ಸರ್ಕಾರ ತಯಾರಿಸಿತು. ಕಾಕನಿಗೆ ನೋಟೀಸು ಬಂತು: ಕಾಡಿನ ಕಳವಿಗೆ ಶಿಕ್ಷೆಯಾದ ನಿನ್ನನ್ನು ಸಂಸ್ಥಾನದಿಂದ ಏಕೆ ಗಡೀಪಾರು ಮಾಡಬಾರದು? ನಮ್ಮಂಥವರಿಗೆ ದಂಡದೊಂದಿಗೇ ಮುಗಿಯುವ ಕೇಸು ಹೊರಗಿನಿಂದ ಬಂದವನ ಬೆನ್ನು ಬಿಡುವುದಿಲ್ಲವೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಜೈನಬಿ ನೇರ ಅಡ್ಡೆಗೇ ಬಂದಳು. “ವೇಷ ಕಟ್ಟೋ ಚಟ ನಿಂದು ಕಣಣ್ಣಾ. ಕಳ್ಳನ ವೇಷ ನನ್ನ ಗಂಡಂಗೆ ಕಟ್ಬುಟ್ಟೆ. ಈಗ ಯಾರು ಬಿಚ್ಚೋರು?”

“ಬುಡು ಜೈನು, ಉಡುಗ ಅವನು,” ಎಂದ ಕಾಕ. ಅಂದು ಮಾತ್ರ ನಗಲಿಲ್ಲ.

ವಕೀಲರಲ್ಲಿಗೆ ಓಡಿದೆ. “ಆ ಶಿಕ್ಷೆ ರದ್ದಾದರೆ ಗಡೀಪಾರಿಗೆ ಆಧಾರವೇ ಇರೋದಿಲ್ಲ. ಆದರೆ ಕಡಿದವನು ಬಂದು ನಿಲ್ಲಬೇಕು,” ಎಂದರು.

“ನಿಂತ್ರೆ ನನ್ನ ಎಲ್ಲಿಗೆ ಅಟ್ತಾರೆ ಸ್ವಾಮಿ? ಪಿರಿಯಾಪಟ್ಟಣಕ್ಕಾ?”

“ಜೈಲಿಗೆ.”

ಅಮಲ್ದಾರರ ಮುಂದೆ ನಿಂತೆ. ಅವರು ಕೆಮ್ಮಿದರು. ಅಡ್ಡೆಯವರೆಲ್ಲ ತುಟಿ ಕಚ್ಚಿಕೊಂಡು ನನ್ನತ್ತ ನೋಡಿದರು. ನಾನು ನನ್ನ ಕೀರಲು ದನಿಯಲ್ಲೇ ನಡೆದದ್ದನ್ನು ಹೇಳಿದೆ.

“ಅವತ್ತು ಯಾಕಯ್ಯಾ ಬರಲಿಲ್ಲ?”

“ನಾಟಕ ಇತ್ತು ಸ್ವಾಮಿ.”

“ಏನು ಪಾರ್ಟು?”

“ಕೋಡಂಗೀದು.”

“ಪರವಾಗಿಲ್ಲ, ಇವತ್ತು ಮನುಷ್ಯನ ಪಾರ್ಟು ಮಾಡ್ತಿದ್ದೀಯ,” ಎಂದು ಬರೆದುಕೊಂಡರು.

ಕಾಗದಗಳು ಮೈಸೂರಿಗೆ ಹೋಗಿ ಕಾಕನ ಶಿಕ್ಷೆ ರದ್ದಾಯಿತು, ನೋಟೀಸೂ ಬಿದ್ದುಹೋಯಿತು. ಬೇರೆಯವನನ್ನು ಕಳಿಸಿ ಕಚೇರಿಗೆ ಮೋಸ ಮಾಡಿದ್ದಕ್ಕೆ ನನಗೆ ಹದಿನೈದು ದಿನ ಜೈಲು. ಹೊರಬಂದ ದಿನ ಜೈನಬಿ ಅಕ್ಕಿರೊಟ್ಟಿ ಬಡಿಸಿ, “ತಿನ್ನು ಕಳ್ಳಾ,” ಎಂದಳು. ಅಷ್ಟು ಚೆನ್ನಾಗಿ ನನ್ನನ್ನು ಯಾರೂ ಬೈದಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ನನ್ನ ಮದುವೆಯ ಮಾತಿಗೆಂದು ಹೆಣ್ಣಿನ ಕಡೆಯ ಹಿರಿಯರೊಬ್ಬರು ಬಂದು ಜಗುಲಿಯಲ್ಲಿ ಕೂತಿದ್ದಾರೆ. “ಜೈಲಿಗೆ ಹೋಗಿದ್ರಂತೆ, ನೀವೇನಾ?” ಎಂದು ಕೇಳಿದರು. ಹಿಂದೆ ಬಂದ ಮೂರು ಸಂಬಂಧಗಳಿಗೂ ‘ಅವನು ಅದೇ ಹೆಸರಿನ ಬೇರೆಯವನು’ ಎಂದು ಜಾರಿಕೊಂಡಿದ್ದೆ. ಇಂದು ಆ ಬೇರೆಯವನ ಮೇಲೆ ಕನಿಕರ ಬಂತು. ಪಾಪ, ಅವನೂ ಎಷ್ಟು ಸಲ ನನ್ನ ಬದಲು ಹೋಗಿಬರುತ್ತಾನೆ?

“ನಾನೇ ಸ್ವಾಮಿ,” ಎಂದೆ. “ಒಳಗೆ ಬನ್ನಿ, ಯೋಳ್ತೀನಿ.”