ಮಾಬ್ಲನನ್ನು ಎಲ್ಲಿಗೆಂದು ಕೇಳಬಾರದು

ಬೆಳಂಬಾರದ ಮಾಬ್ಲನ ಹತ್ತಿರ ಯಾರು ಏನನ್ನು ಬೇಕಾದರೂ ಕೇಳಬಹುದಿತ್ತು. ಕತ್ತಿ ಕೇಳಿ, ಏಣಿ ಕೇಳಿ, ಮಾಡಿಗೆ ಹೊದಿಸಲು ಇಟ್ಟ ಹುಲ್ಲು ಕೇಳಿ, ಇಲ್ಲವೆನ್ನುವ ಆಸಾಮಿಯಲ್ಲ. ಆದರೆ ಗಾಳದ ಕೋಲು ಹೆಗಲ ಮೇಲಿದ್ದಾಗ ‘ಎಲ್ಲಿಗೆ?’ ಎಂದು ಮಾತ್ರ ಕೇಳಬಾರದು.

ಹೊರಟವರನ್ನು ಎಲ್ಲಿಗೆಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಮ್ಮ ಕಡೆ ಎಲ್ಲರೂ ಅಷ್ಟಿಷ್ಟು ನಂಬುವವರೇ. ಉಳಿದವರು ಮುಖ ಸಿಂಡರಿಸಿ, ಏನೋ ಗೊಣಗಿ ಮುಂದೆ ಹೋಗುತ್ತಾರೆ. ಮಾಬ್ಲ ಹಾಗಲ್ಲ. ಕೇಳಿದವರನ್ನು ಒಮ್ಮೆ ದುರುಗುಟ್ಟಿ ನೋಡಿ, ಬಂದ ದಾರಿಯಲ್ಲೇ ಮನೆಗೆ ಹೋಗಿ, ಕಾಲು ತೊಳೆದು, ಒಂದು ಚೊಂಬು ನೀರು ಕುಡಿದು, ಜಗಲಿಯ ಮೇಲೆ ಕೂತು ಎದ್ದು ಮತ್ತೆ ಹೊರಡುತ್ತಿದ್ದ. ಅಷ್ಟರಲ್ಲಿ ಇನ್ಯಾರೋ ಕೇಳುತ್ತಿದ್ದರು. ಮತ್ತೆ ಮನೆ, ಮತ್ತೆ ಕಾಲು, ಮತ್ತೆ ಚೊಂಬು. ಮೂರನೆಯ ಸಲಕ್ಕೆ ಹೊಟ್ಟೆಯಲ್ಲಿ ನೀರು ಕುಲುಕಾಡುತ್ತಿತ್ತು, ಮಾಬ್ಲ ಚಾಪೆ ಹಾಸಿ ಮಲಗಿಬಿಡುತ್ತಿದ್ದ.

ತಿಳಿದವರು ‘ದೂರವೇ?’ ಎಂದು ಸುತ್ತುಬಳಸಿ ಕೇಳುತ್ತಾರಲ್ಲ, ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ಅವನು ಆಯಾ ದಿನದ ಕಡಲು ನೋಡಿ ತೀರ್ಮಾನಿಸುತ್ತಿದ್ದ. ಕಡಲು ತಣ್ಣಗಿದ್ದರೆ ಬರುವುದಿಲ್ಲ. ಅಬ್ಬರವಿದ್ದರೆ ಖಂಡಿತ ಬರುತ್ತದೆ.

ಹಾಗೆಂದು ಅವನೇನು ಹುಟ್ಟು ಮೀನುಗಾರನಲ್ಲ. ಕಂಡವರ ಗದ್ದೆ ಹೂಡಿ, ಕಂಡವರ ತೆಂಗು ಹತ್ತಿ ಬದುಕುವವನು. ಮೀನು ಬೇಕಾದರೆ ಎಲ್ಲರಂತೆ ಬುಟ್ಟಿ ಹೊತ್ತು ಬರುವವಳ ಹತ್ತಿರ ಚೌಕಾಸಿ ಮಾಡಿಯೇ ಕೊಳ್ಳುತ್ತಿದ್ದ. ಅವನಿಗೆ ಹುರುಪು ಬರುತ್ತಿದ್ದುದು ಜೂನ್ ತಿಂಗಳಲ್ಲಿ, ಯಂತ್ರದ ದೋಣಿಗಳು ಕಡಲಿಗೆ ಇಳಿಯಬಾರದೆಂದು ಸರ್ಕಾರ ಹೇಳಿದ ಮೇಲೆ. ಕಾರವಾರದ ಬಂದರಿನಲ್ಲಿ ಟ್ರಾಲರುಗಳೆಲ್ಲ ಹಗ್ಗ ಬಿಗಿಸಿಕೊಂಡು ಸಾಲಾಗಿ ನಿಲ್ಲುತ್ತಿದ್ದವು. ದಂಡೆಯಲ್ಲಿ ನಿಂತು ಗಾಳ ಹಾಕುವವನಿಗೆ ಮಾತ್ರ ಯಾವ ತಡೆಯೂ ಇಲ್ಲ. ಮೊಟ್ಟೆಯಿಡುವ ಮೀನಿಗಾಗಿ ಈ ನಿಯಮ ಎಂದು ಊರವರು ತಿಳಿದಿದ್ದರು. ತನಗಾಗಿ ಎಂದು ಮಾಬ್ಲ ತಿಳಿದಿದ್ದ.

ಅವನ ಕಣ್ಣೆಲ್ಲ ರಾವಸದ ಮೇಲೆ. ಹೊಳೆಯ ಕೆಂಪು ನೀರು ಕಡಲಿಗೆ ಬೀಳುವಾಗ ಆ ದೊಡ್ಡ ಮೀನು ದಡದ ಹತ್ತಿರ ಸುಳಿಯುತ್ತದೆ. ಅಂಕೋಲೆಯ ಮಾರ್ಕೆಟ್ಟಿನಲ್ಲಿ ಕಂಡರೂ ಮಾಬ್ಲನಂಥವರು ಮಾತಾಡಿಸದೆ ದಾಟಿ ಹೋಗುವ ಮೀನು ಅದು. ಎಷ್ಟೋ ಮಳೆಗಾಲ ಕಳೆದರೂ ಅವನ ಗಾಳಕ್ಕೆ ಒಂದು ರಾವಸವೂ ಬಿದ್ದಿರಲಿಲ್ಲ. ಬೀಳುತ್ತಿದ್ದುದು ಬೆರಳುದ್ದದ ಶಾಂಗಟ ಮೀನು. ಆದರೆ ಅದು ಅವನ ತಪ್ಪೇ? ಒಂದು ದಿನ ಮಾಸ್ತರರು ಕೇಳಿದ್ದರು, ಒಂದು ದಿನ ಅಂಚೆಯವ. ಮೋರಿಕಟ್ಟೆಯ ಮೇಲೆ ಕೂರುವ ಜಟ್ಟುವಂತೂ ಒಂದು ದಿನವೂ ತಪ್ಪಿಸಿದವನಲ್ಲ. ‘ಊರಿನ ಬಾಯಿ ಮುಚ್ಚಿದ್ರೆ ನಾ ರಾವಸದ ರಾಶಿನೇ ಹಾಕ್ತಿದ್ದೆ’ ಎಂದು ಮಾಬ್ಲ ಹೇಳುತ್ತಿದ್ದ.

ಅವನ ಹೆಂಡತಿ ಸೋಮಿ ಮಾತ್ರ ಎಂದೂ ಕೇಳಿದವಳಲ್ಲ. ಮದುವೆಯಾಗಿ ಬಂದ ಮರುದಿನವೇ ಅತ್ತೆ ಅವಳ ಕಿವಿಯಲ್ಲಿ ಊದಿದ್ದಳು. ಗಂಡ ಕೋಲು ಎತ್ತಿದ ಕೂಡಲೇ ಅವಳು ಒಲೆಯ ಕಡೆ ತಿರುಗಿ ಬೆಂಕಿ ಊದುತ್ತಿದ್ದಳು, ಒಲೆಯಲ್ಲಿ ಬೆಂಕಿ ಇರಲಿ, ಇಲ್ಲದಿರಲಿ.

ಇಷ್ಟಕ್ಕೇ ಮುಗಿದಿದ್ದರೆ ಎಲ್ಲರಿಗೂ ಸುಖವಿತ್ತು. ಆದರೆ ಮಗಳು ಸ್ವಾತಿಯನ್ನು ತೋಡೂರಿಗೆ ಕೊಟ್ಟಿದ್ದರು. ಹೊಸ ಸೊಸೆ ಗಂಡನ ಮನೆಯಲ್ಲಿ ತವರಿನ ಬಗ್ಗೆ ಎರಡು ದೊಡ್ಡ ಮಾತು ಆಡಬೇಕಲ್ಲ. ಬಂಗಾರದ ಮಾತು ಆಡುವಂತಿಲ್ಲ, ಗದ್ದೆಯ ಮಾತು ಆಡುವಂತಿಲ್ಲ. ನಮ್ಮಪ್ಪ ಮಳೆಗಾಲದಲ್ಲಿ ದಂಡೆಯಲ್ಲೇ ನಿಂತು ರಾವಸ ಹಿಡಿಯುತ್ತಾನೆ ಎಂದುಬಿಟ್ಟಳು. ಅತ್ತೆ ಮಾದೇವಿ ಅದನ್ನು ಮರೆಯುವ ಹೆಂಗಸಲ್ಲ. ಸ್ವಾತಿಗೆ ಏಳು ತಿಂಗಳಾಗಿ, ಆಷಾಢ ಕೂಡುವ ಮೊದಲು ತವರಿನಲ್ಲಿ ಬಯಕೆಯ ಊಟ ಎಂದು ನಿಶ್ಚಯವಾದಾಗ ಏನು ತಿನ್ನಬೇಕು ಎಂದು ಕೇಳಿದವಳೂ ಅವಳೇ, ನಿನ್ನಪ್ಪ ಹಿಡಿದ ರಾವಸದ ಪಳದಿ ಸಾರೇ ಇರಬೇಕು, ಅಲ್ಲವಾ ಎಂದವಳೂ ಅವಳೇ. ಬಸುರಿ ಹೂಂ ಎಂದಳು. ಹೇಳಿದ ಮೇಲೆ ಅವಳಿಗೆ ನಿಜವಾಗಿಯೂ ಆಸೆಯಾಯಿತಂತೆ, ಬೇರೆ ಮೀನಿನ ಹೆಸರು ಕೇಳಿದರೆ ವಾಂತಿ ಬರುವಷ್ಟು.

ಸುದ್ದಿ ಬೆಳಂಬಾರಕ್ಕೆ ಬಂದಾಗ ನಿಷೇಧ ಶುರುವಾಗಿ ಕೆಲವೇ ದಿನವಾಗಿತ್ತು. ಮಾರ್ಕೆಟ್ಟಿನಲ್ಲಿ ಒಣಮೀನು ಬಿಟ್ಟರೆ ಎಲ್ಲಿಂದಲೋ ಐಸಿನಲ್ಲಿ ಬಂದ ಬಂಗಡೆ. ಮಾಬ್ಲ ಮೀಸೆ ತಿರುವಿ, ಊರವರು ಬಾಯಿ ಮುಚ್ಚಿದರೆ ಆಯಿತು ಎಂದ. ಸೋಮಿ ನೆಟ್ಟಗೆ ಪಕ್ಕದ ಮನೆಯ ಕಾಮಿಯ ಹತ್ತಿರ ಹೋದಳು. ಕಾಮಿಗೆ ಹೇಳುವುದೂ ಡಂಗುರ ಸಾರುವುದೂ ಒಂದೇ. ಬಸುರಿಯ ಬಯಕೆಗೆ ಅಡ್ಡ ಬರುವ ಪಾಪ ಯಾರಿಗೆ ಬೇಕು? ಸಂಜೆಯೊಳಗೆ ಇಡೀ ಊರು ತುಟಿ ಹೊಲಿದುಕೊಂಡಿತು.

ಬಯಕೆಯ ದಿನ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಮಾಬ್ಲ ಕೋಲು ಹೆಗಲಿಗೇರಿಸಿ, ಗಾಳಕ್ಕೆ ಸಿಕ್ಕಿಸಲು ಒಂದು ಹಿಡಿ ಶೆಟ್ಲಿ, ಅಂದರೆ ಸಿಗಡಿ, ಎಲೆಯಲ್ಲಿ ಕಟ್ಟಿಕೊಂಡು ಹೊರಟ. ಸೋಮಿ ಒಲೆ ಊದಿದಳು. ಅಂಗಳ ದಾಟಿದರೆ ಕಾಮಿ ಇವನನ್ನು ಕಂಡು ತಲೆಯನ್ನು ಆಮೆಯ ಹಾಗೆ ಒಳಗೆಳೆದುಕೊಂಡಳು. ಮಾಸ್ತರರು ಮಳೆಯಿಲ್ಲದಿದ್ದರೂ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು. ಅಂಚೆಯವ ಸೈಕಲ್ಲು ಇಳಿದು, ಏನೂ ಆಗದ ಚೈನನ್ನು ಬಗ್ಗಿ ನೋಡತೊಡಗಿದ.

ಮೊದಲು ಮಾಬ್ಲನಿಗೆ ಖುಷಿಯಾಯಿತು. ಆಮೇಲೆ ಅನುಮಾನ ಹತ್ತಿತು. ಯಾರೂ ಕೇಳದೆ ಕಡಲು ಮುಟ್ಟಿಬಿಟ್ಟರೆ? ರಾವಸ ಆಗಲೂ ಸಿಗದಿದ್ದರೆ? ಆಗ ಯಾರ ಹೆಸರು ಹೇಳುವುದು? ಈ ಯೋಚನೆ ಇಷ್ಟು ವರ್ಷದಲ್ಲಿ ಅವನಿಗೆ ಬಂದೇ ಇರಲಿಲ್ಲ. ಕಾಲು ನಿಧಾನವಾಯಿತು.

ಇನ್ನೇನು, ಜಟ್ಟು ಇದ್ದಾನಲ್ಲ ಎಂದು ಧೈರ್ಯ ತಂದುಕೊಂಡು ಮೋರಿಕಟ್ಟೆಗೆ ಹೋದ. ಜಟ್ಟು ಇದ್ದ. ಆದರೆ ತನ್ನ ನಾಲಿಗೆಯ ಮೇಲೆ ತನಗೇ ನಂಬಿಕೆಯಿಲ್ಲದೆ ಎರಡೂ ಕೆನ್ನೆಯಲ್ಲಿ ಎಲೆಯಡಿಕೆಯ ಕವಳ ತುಂಬಿಕೊಂಡು ಕೂತಿದ್ದ. ಮಾಬ್ಲ ಅವನೆದುರು ನಿಂತು ಕೆಮ್ಮಿದ. ಕೋಲನ್ನು ಆ ಹೆಗಲಿಂದ ಈ ಹೆಗಲಿಗೆ ಬದಲಿಸಿದ. ಮಳೆ ಹೊಳವಾಯಿತು ಎಂದ. ಜಟ್ಟು ತಲೆಯಾಡಿಸಿದ.

“ಏನಾರೂ ಕೇಳೂಕಿತ್ತೇನೋ ಜಟ್ಟು?” ಎಂದು ಮಾಬ್ಲ ಕೊನೆಗೆ ಬಾಯಿಬಿಟ್ಟು ಕೇಳಿದ.

ಜಟ್ಟುವಿನ ಕಣ್ಣಲ್ಲಿ ನೀರು ಬಂತು. ಪಾಪ, ಎಷ್ಟು ವರ್ಷದ ಅಭ್ಯಾಸ. ಆದರೂ ಅವನು ಇಲ್ಲವೆಂದು ಕತ್ತು ಅಲ್ಲಾಡಿಸಿ, ಕವಳದ ರಸ ನುಂಗಿಕೊಂಡು, ಆಕಾಶ ನೋಡಿದ.

ಕಡಲಿಗೆ ಹೋಗುವ ದಾರಿ ಎಡಕ್ಕೆ. ಮಾಬ್ಲ ಬಲಕ್ಕೆ ತಿರುಗಿ ಬಸ್‌ಸ್ಟಾಪಿನ ಕಡೆ ನಡೆದ. ಅಲ್ಲಿ ಪರವೂರಿನವರು ಯಾರಾದರೂ ಸಿಗಬಹುದು, ಅವರಿಗೆ ಊರಿನ ಕಟ್ಟಳೆ ಗೊತ್ತಿರುವುದಿಲ್ಲ ಎಂಬ ಆಸೆ. ಅವನ ಆಸೆ ಫಲಿಸಿತು. ಅಂಕೋಲೆಯ ಬಸ್ಸು ಬಂದು ನಿಂತಿತು. ಮೊದಲು ಹಣ್ಣಿನ ಚೀಲ, ಹಿಂದೆ ಮಾದೇವಿ, ಅವಳ ಹಿಂದೆ ಹೊಟ್ಟೆ ಹಿಡಿದುಕೊಂಡು ಸ್ವಾತಿ ಇಳಿದರು.

“ಬೀಗ್ರೇ, ಎಲ್ಲಿಗೆ ಹೊಂಟ್ರಿ?” ಎಂದಳು ಮಾದೇವಿ.

ಸ್ವಾತಿ ಅತ್ತೆಯ ಸೆರಗು ಎಳೆಯುವುದರೊಳಗೆ ಮಾತು ಆಗಿಹೋಗಿತ್ತು. ಮಾಬ್ಲನ ಮುಖ ಅರಳಿತು. ದುರುಗುಟ್ಟಿ ನೋಡಲು ಕಣ್ಣು ತೆರೆದ, ತಿರುಗಲು ಕಾಲೆತ್ತಿದ. ಎತ್ತಿದ ಕಾಲು ಅಲ್ಲೇ ನಿಂತಿತು. ಬಾಗಿಲಿಗೆ ಬಂದ ಬೀಗಿತಿಯ ಬಾಯಿ ಸರಿಯಿಲ್ಲ ಎಂದು, ಅದೂ ಮಗಳ ಬಯಕೆಯ ದಿನ, ಬಸ್ಸಿನ ಜನರೆಲ್ಲ ನೋಡುತ್ತಿರುವಾಗ ತೋರಿಸಿಕೊಡುವುದೇ? ನಾಳೆಯೂ ಆ ಮನೆಯಲ್ಲಿ ಬಾಳಬೇಕಾದವಳು ಸ್ವಾತಿ. ಅವಳು ಅಪ್ಪನನ್ನೇ ನೋಡುತ್ತಿದ್ದಳು.

ಹುಟ್ಟಿದ ಮೇಲೆ ಮೊದಲ ಸಲ ಮಾಬ್ಲ ಆ ಪ್ರಶ್ನೆಗೆ ಉತ್ತರ ಕೊಟ್ಟ. “ರಾವಸ ಹಿಡಿಯೂಕೆ” ಎಂದ. ಹಾಗಾದರೆ ದೊಡ್ಡದನ್ನೇ ತನ್ನಿ, ನಾನು ಮನೆಯಲ್ಲಿ ಎಲ್ಲರಿಗೂ ಹೇಳಿ ಬಂದಿದ್ದೇನೆ ಎಂದು ಮಾದೇವಿ ಚೀಲ ಎತ್ತಿಕೊಂಡಳು.

ಬಂಡೆಯ ಮೇಲೆ ನಿಂತಾಗ ಕಡಲಿನ ಭರತ ಏರುತ್ತಿತ್ತು. ಮಾಬ್ಲ ಶೆಟ್ಲಿ ಸಿಕ್ಕಿಸಿ ಎಸೆದ. ಒಮ್ಮೆ ಶಾಂಗಟ ಬಂತು, ಇನ್ನೊಮ್ಮೆ ಯಾರದೋ ಹಳೆಯ ಚಪ್ಪಲಿ ಬಂತು. ಕಡಲಿಗೆ ಕೈಮುಗಿದು, ನನ್ನ ಮಾನ ಹೋದರೆ ಹೋಗಲಿ, ಹುಡುಗಿಯ ಮಾತು ಉಳಿಸು ಎಂದ. ಮೂರನೆಯ ಸಲ ಎಸೆದಾಗ ತಂಗೂಸಿನ ದಾರ ಕೈಯನ್ನು ಕೊಯ್ಯುವಂತೆ ಓಡಿತು.

ಆಮೇಲಿನದನ್ನು ಮಾಬ್ಲ ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಾನೆ. ದೂರದಿಂದ ಕಂಡವರ ಪ್ರಕಾರ ಅವನು ಮೀನನ್ನು ಹಿಡಿಯಲಿಲ್ಲ, ಅದರ ಮೇಲೆ ಬಿದ್ದ. ಬಂಡೆಯ ಕೆಳಗಿನ ಮರಳಿನಲ್ಲಿ ಇಬ್ಬರೂ ಹೊರಳಾಡಿದರು. ಕೈಯುದ್ದದ ರಾವಸ, ಬೆಳ್ಳಿಯ ಹೊಳಪು. ತಂದಿದ್ದ ಚೀಲದಲ್ಲಿ ಅದರ ತಲೆಯೂ ಹಿಡಿಯಲಿಲ್ಲ. ಯಾಕೆಂದರೆ ಮಾಬ್ಲ ಯಾವತ್ತೂ ತರುತ್ತಿದ್ದುದು ಶಾಂಗಟದ ಚೀಲ. ಕೊನೆಗೆ ಲುಂಗಿ ಬಿಚ್ಚಿ ಮೀನಿಗೆ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು, ಪಟ್ಟೆಪಟ್ಟೆ ಚಡ್ಡಿಯಲ್ಲಿ ಊರ ನಡುವೆ ನಡೆದು ಬಂದ. ಮಾದೇವಿ ಮೊದಲು ಚಡ್ಡಿ ನೋಡಿ ಮುಖ ತಿರುಗಿಸಿದಳು, ಆಮೇಲೆ ಮೀನು ನೋಡಿ ಈ ಕಡೆ ತಿರುಗಿದಳು. ಮುರುಗಲ ಹುಳಿ ಹಾಕಿದ ಪಳದಿಯಲ್ಲಿ ಸ್ವಾತಿ ಎರಡು ತಟ್ಟೆ ಅನ್ನ ಉಂಡಳು. ಮಾಬ್ಲ ಬಾಗಿಲ ಸಂದಿಯಿಂದ ಅದನ್ನು ನೋಡಿ, ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡ.

ಅಲ್ಲಿಗೆ ಕಟ್ಟಳೆ ತಿರುವುಮುರುವಾಯಿತು. ಕೇಳಿದ್ದಕ್ಕೇ ಸಿಕ್ಕಿತು ಎಂದ ಮೇಲೆ ಯಾರೂ ಕೇಳದೆ ಹೊರಡುವುದು ಹೇಗೆ? ಮುಂದಿನ ವಾರ ಅವನು ಕೋಲು ಹಿಡಿದು ಅಂಗಳದಲ್ಲಿ ನಿಂತ. ಊರವರು ಹೊಸ ವಿಷಯ ಅರಿಯದೆ ಇನ್ನೂ ತಲೆ ಮರೆಸಿಕೊಳ್ಳುತ್ತಿದ್ದರು. ಒಳಗೆ ಸೋಮಿ ಒಲೆ ಊದುತ್ತಿದ್ದಳು. ಮಾಬ್ಲ ಬಾಗಿಲಿಗೆ ಬಂದು, ನೀನಾದರೂ ಕೇಳೇ ಎಂದ.

ಸೋಮಿ ಊದುಗೊಳವೆ ಕೆಳಗಿಟ್ಟಳು. ಮೊದಲು ಗಂಟಲು ಸರಿಮಾಡಿಕೊಂಡು, ಎಲ್ಲಿಗೆ ಎಂದಳು. ಕಡಲಿಗೆ ಎಂದ. ಎಷ್ಟೊತ್ತಿಗೆ ಬರುವುದು ಎಂದಳು. ಹೇಳಿದ. ಗಂಜಿ ಕುಡಿದು ಯಾಕೆ ಹೋಗುವುದಿಲ್ಲ, ಕಾಲು ಜಾರಿದರೆ ಯಾರು ಗತಿ, ಮೊನ್ನೆ ಹಬ್ಬದ ದಿನ ಕತ್ತಲಾದರೂ ಯಾಕೆ ಬರಲಿಲ್ಲ, ಹೋದ ವರ್ಷ ಹೇಳದೆ ಎಲ್ಲಿ ಉಳಿದದ್ದು? ಕಟ್ಟೆಯೊಡೆದ ಹಾಗೆ ಬಂತು. ಮಾಬ್ಲ ಕೋಲು ಇಳಿಸಿ ಜಗಲಿಯ ಮೇಲೆ ಕೂತ. ಅವಳೂ ಬಂದು ಹೊಸಿಲ ಮೇಲೆ ಕೂತಳು.

“ಸ್ವಾತಿ ಹುಟ್ಟಿದ ದಿನ ನಂಗೆ ನೋವು ಸುರುವಾಗಿತ್ತು. ಕೋಲು ತಕಂಡು ಎಲ್ಲಿ ಹೋಗಿದ್ರಿ?” ಎಂದು ಕೇಳಿದಳು.

ಮಾಬ್ಲ ಕೋಲನ್ನು ಗೋಡೆಗೆ ಒರಗಿಸಿದ.

“ಬಂಡೆ ಮೇಲೇ ಕುಂತಿದ್ದೆ. ಹೆದರಿಕೆ ಆಗಿತ್ತು. ಗಾಳಕ್ಕೆ ಶೆಟ್ಲಿ ಹಾಕೂಕೇ ಮರ್ತಿದ್ದೆ” ಎಂದ.

ಸೋಮಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಗುವುದರಲ್ಲೇ ಸ್ವಲ್ಪ ಅತ್ತಳು. ಆಮೇಲೆ ಒಳಗೆ ಹೋಗಿ ಗಂಜಿ ತಂದಳು. ಅವನು ಕುಡಿದು ಮುಗಿಸುವಷ್ಟರಲ್ಲಿ ಭರತ ಇಳಿದುಹೋಗಿತ್ತು. ಸಂಜೆ ಮೋರಿಕಟ್ಟೆಯಲ್ಲಿ ಜಟ್ಟು ಇವತ್ತು ಮೀನು ಯಾಕಿಲ್ಲ ಎಂದು ವಿಚಾರಿಸಿದ. ಮನೆಯಲ್ಲಿ ಸ್ವಲ್ಪ ಜಾಸ್ತಿಯೇ ಕೇಳಿದರು ಎಂದು ಮಾಬ್ಲ ಹೇಳಿ, ಅವನ ಹತ್ತಿರ ಒಂದು ಕವಳ ಇಸಿದುಕೊಂಡ.