ವೀರಣ್ಣನವರ ಕಾಯಿಲೆಯ ಹೆಸರು ನನಗೆ ಗೊತ್ತಿತ್ತು

ಟೇಲರ್ ವೀರಣ್ಣನವರಿಗೆ ಬಂದಿದ್ದ ಕಾಯಿಲೆ ಯಾವುದೆಂದು ನನಗೆ ಗೊತ್ತಿತ್ತು. ಅವರ ಹೆಂಡತಿ ರತ್ನಮ್ಮ ನಮ್ಮ ಮನೆಗೇ ಬಂದು, ನನ್ನೆದುರು ಕೂತು ಕೇಳಿದಾಗ — ಗೊತ್ತಿಲ್ಲವೆಂದೆ. ಅಷ್ಟಕ್ಕೇ ಸುಮ್ಮನಾಗಿದ್ದರೂ ಒಂದು ಮಾತಾಗಿತ್ತು. ಅದಕ್ಕಿಂತ ಕೆಟ್ಟದ್ದನ್ನು ಆಡಿದೆ. ಆ ಮಾತನ್ನು ಇಲ್ಲಿಯವರೆಗೆ ನನ್ನ ಗಂಡನಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ಕೊಟ್ಟೂರಿನಲ್ಲಿ ನಮ್ಮದು ಕಿರಾಣಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಎದುರು ಸಾಲಿನಲ್ಲಿ ವೀರಣ್ಣನವರ ಹೊಲಿಗೆ ಅಂಗಡಿ, ಅದರ ಹಿಂದೆಯೇ ಅವರ ಮನೆ. ಅವರು ಮಷಿನ್ ತುಳಿದರೆ ರತ್ನಮ್ಮ ಹೊಸ್ತಿಲ ಬಳಿ ಕೂತು ಕಾಜಾ, ಗುಂಡಿ ಹಾಕುತ್ತಿದ್ದಳು. ಮಕ್ಕಳಿರಲಿಲ್ಲ. ನನ್ನ ಮಗಳು ಸುಮಾಳ ಮೊದಲ ಲಂಗದಿಂದ ಹಿಡಿದು ಕಾಲೇಜಿನ ಚೂಡಿದಾರದವರೆಗೆ ಹೊಲಿದವರು ಅವರೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮೊದಲು ಕಾಯಿಲೆ ಬಂದದ್ದು ನಮ್ಮ ಮನೆಗೆ. ನಮ್ಮ ಅತ್ತೆ ಬಸಮ್ಮನವರು ಊರಿನ ಅರ್ಧ ಜನರನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದವರು. ಅವರು ಒಂದೊಂದೇ ಮರೆಯತೊಡಗಿದರು. ಸಾರಿಗೆ ಉಪ್ಪು ಹಾಕಿ, ಮತ್ತೆ ಹಾಕಿ, ಯಾರೋ ಹಾಕಿದ್ದಾರೆಂದು ಜಗಳ ತೆಗೆಯುವರು. ಎಂದೋ ತೀರಿಕೊಂಡ ಮಾವನವರು ಊಟಕ್ಕೆ ಯಾಕೆ ಬಂದಿಲ್ಲವೆಂದು ಬಾಗಿಲಲ್ಲಿ ಕಾಯುವರು. ಒಂದು ದಿನ ಸೀರೆ ಉಡುವುದನ್ನೇ ಮರೆತು, ಲಂಗದಲ್ಲೇ ಅಂಗಡಿಯ ಮುಂದೆ ಬಂದು ನಿಂತುಬಿಟ್ಟರು — ಗಿರಾಕಿಗಳ ನಡುವೆ. ನನ್ನ ಗಂಡ ಅವರನ್ನು ಎತ್ತಿಕೊಂಡೇ ಒಳಗೆ ತಂದರು. ಆ ವಾರವೇ ದಾವಣಗೆರೆಗೆ ಕರೆದುಕೊಂಡು ಹೋದೆವು.

ಅಲ್ಲಿಯ ಡಾಕ್ಟರು ಅತ್ತೆಯ ಹತ್ತಿರ ಬಹಳ ಹೊತ್ತು ಮಾತಾಡಿದರು. ಆಮೇಲೆ ನಮ್ಮಿಬ್ಬರನ್ನೇ ಕೂರಿಸಿಕೊಂಡು ಅಲ್ಝೈಮರ್ ಎಂಬ ಹೆಸರು ಹೇಳಿದರು. ನನಗೆ ಬಾಯಿ ತಿರುಗಲಿಲ್ಲ. ಅವರೇ ಎರಡು ಸಲ ಹೇಳಿಸಿದರು.

"ಇದು ಹುಚ್ಚಲ್ಲಮ್ಮ, ದೆವ್ವ ಗಾಳಿ ಏನೂ ಅಲ್ಲ. ಮೆದುಳಿನ ಕಾಯಿಲೆ. ವಾಸಿ ಮಾಡೋ ಔಷಧಿ ಇಲ್ಲ. ಆದ್ರೆ ಹೇಗೆ ನೋಡ್ಕೋಬೇಕು ಅಂತ ಹೇಳಿಕೊಡ್ತೀನಿ," ಎಂದರು. ಹೇಳಿಯೂ ಕೊಟ್ಟರು, ಮಗುವಿಗೆ ಹೇಳುವಂತೆ. ಕೊನೆಗೆ, "ನಿಮ್ಮ ಕಡೆ ಇಂಥವರು ಇನ್ನೂ ಇರ್ತಾರೆ. ಮನೇಲಿ ಬಚ್ಚಿಟ್ಟಿರ್ತಾರೆ. ಕಂಡರೆ ನನ್ನ ಹತ್ರ ಕಳಿಸಿ. ಇಲ್ಲಾಂದ್ರೆ ನೀವೇ ಹೇಳಿಕೊಡಿ. ಇಂಥ ಮನೆಯವರು ಒಬ್ಬರಿಗೊಬ್ಬರು ಆಸರೆಯಾಗಿರಬೇಕು," ಎಂದರು. ಆಗಲಿ ಎಂದು ತಲೆಯಾಡಿಸಿದೆ.

ತಲೆಯಾಡಿಸಿದವಳು ನಾನೇ.

ಊರಿಗೆ ಬಂದ ಮೇಲೆ ಅತ್ತೆಯನ್ನು ಒಳಗಿನ ಕೋಣೆಯಲ್ಲಿಟ್ಟೆವು. ಅದೇ ಸಮಯಕ್ಕೆ ಸುಮಾಳಿಗೆ ಹರಪನಹಳ್ಳಿಯಿಂದ ಒಳ್ಳೆಯ ಸಂಬಂಧ ಕೂಡಿ ಬಂದಿತ್ತು. "ಮದುವಿ ಮುಗಿಯೋತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ಹುಚ್ಚರ ಮನೆತನ ಅಂತಾರ," ಎಂದರು ನನ್ನ ಗಂಡ. ಯಾರಾದರೂ ಕೇಳಿದರೆ ಅತ್ತೆ ತವರೂರು ನೀಲಗುಂದಕ್ಕೆ ಹೋಗಿದ್ದಾರೆಂದು ಹೇಳತೊಡಗಿದೆ. ಅವರ ಮುಂದೆ ಒಂದು ಮೊರ ಶೇಂಗಾ ಇಟ್ಟರೆ ಮಧ್ಯಾಹ್ನವೆಲ್ಲ ಸುಲಿಯುತ್ತ ಕೂರುತ್ತಿದ್ದರು. ಸುಲಿದದ್ದು ಮುಗಿದರೆ ಸಿಪ್ಪೆಯನ್ನೇ ಸುಲಿಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ನೂರಾರು ಜನ ಬಂದುಹೋಗುವ ಅಂಗಡಿ ನಮ್ಮದು. ಆ ನೂರು ಜನರಲ್ಲಿ ಒಬ್ಬರೊಡನೆಯೂ — ಇವತ್ತು ನಮ್ಮತ್ತೆ ನನ್ನನ್ನು ಗುರುತಿಸಲಿಲ್ಲ, ನನ್ನನ್ನೇ ಅವ್ವಾ ಎಂದು ಕರೆದರು — ಎನ್ನುವಂತಿರಲಿಲ್ಲ. ಸಕ್ಕರೆ ತೂಗಿ ಕೊಡುತ್ತಿದ್ದೆ. ಮಳೆ ಬಂತೇನ್ರಿ, ಎಲ್ಲಾ ಆರಾಮೇನ್ರಿ ಎನ್ನುತ್ತಿದ್ದೆ.

ಆಗಲೇ ವೀರಣ್ಣನವರದ್ದು ಶುರುವಾದದ್ದು. ಯಾರದೋ ಅಂಗಿಗೆ ಎರಡೂ ತೋಳು ಬಲಗೈಯದ್ದೇ ಕತ್ತರಿಸಿದರಂತೆ. ಅಳತೆ ಹಿಡಿದು, ಬರೆದುಕೊಳ್ಳುವಷ್ಟರಲ್ಲಿ ಮರೆತು, ಮತ್ತೆ ಹಿಡಿದು, ಮತ್ತೆ ಮರೆತು — ಗಿರಾಕಿಗಳು ನಗುತ್ತಿದ್ದರು. ಆಮೇಲೆ ಬೈಯತೊಡಗಿದರು. ಟೇಲರ್ ಮಾಸ್ತರು ಕುಡಿಯೋದು ಕಲಿತಿದ್ದಾರೆ ಎಂದು ಯಾರೋ ಆಡಿದ ಮಾತು ಸಾಲಿನ ಅಂಗಡಿಗಳಲ್ಲೆಲ್ಲ ಓಡಾಡಿತು. ನಾನು ನಮ್ಮ ಅಂಗಡಿಯ ಗಲ್ಲೆಯ ಮೇಲೆ ಕೂತು ಎದುರಿಗೇ ನೋಡುತ್ತಿದ್ದೆ. ಕತ್ತರಿ ಹಿಡಿದು, ಅದನ್ನು ಯಾತಕ್ಕೆ ಹಿಡಿದೆನೆಂದು ತಿಳಿಯದೆ ಕೂತ ಮುಖ. ಆ ಮುಖ ನಮ್ಮ ಒಳಗಿನ ಕೋಣೆಯಲ್ಲೂ ಇತ್ತು. ನನಗೆ ಅನುಮಾನವೇ ಇರಲಿಲ್ಲ.

ಒಂದು ಮಧ್ಯಾಹ್ನ ರತ್ನಮ್ಮ ಹಿತ್ತಲ ಬಾಗಿಲಿನಿಂದ ಬಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

"ಅಕ್ಕಾರ, ನಿಮ್ಮನ್ನ ಒಂದು ಮಾತು ಕೇಳಬೇಕಾಗಿತ್ರಿ. ನಮ್ಮವರಿಗೆ ಏನೋ ಆಗೈತಿ. ನಿನ್ನಿ ಮನಿಗೆ ಬರೋ ದಾರಿ ತಪ್ಪಿ ಬಸ್‌ಸ್ಟ್ಯಾಂಡಿನ್ಯಾಗ ಕುಂತಿದ್ರು. ನಿಮ್ಮ ಅತ್ತಿಯವರಿಗೂ ಹಿಂಗ ಆಗಿತ್ತು ಅಂತ ಯಾರೋ ಅಂದ್ರು. ಎಲ್ಲಿ ತೋರಿಸಿದ್ರಿ?"

"ನಮ್ಮ ಅತ್ತಿಗೆ ಏನಾಗೈತಿ? ಚಲೋನೇ ಅದಾರ. ನೀಲಗುಂದಕ್ಕ ಹೋಗ್ಯಾರ," ಎಂದೆ.

ಆಗ ಒಳಗಿನ ಕೋಣೆಯ ಬಾಗಿಲು ಬಡಿದ ಸದ್ದಾಯಿತು. ಇಬ್ಬರಿಗೂ ಕೇಳಿಸಿತು. ರತ್ನಮ್ಮ ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ಇನ್ನೊಂದು ಮಾತು ಕೇಳಿದ್ದರೆ ನಾನು ಅತ್ತೇಬಿಡುತ್ತಿದ್ದೆ. ಅವಳು ಕೇಳುವ ಮೊದಲೇ — ಅವಳನ್ನು ಎಬ್ಬಿಸಿ ಕಳಿಸಬೇಕಿತ್ತು ನನಗೆ — ನನ್ನ ಬಾಯಿಂದ ಈ ಮಾತು ಬಂತು:

"ಮೊದಲ ನಿನ್ನ ಗಂಡಗ ಕುಡಿಯೋದು ಬಿಡಸವ್ವ. ಎಲ್ಲಾ ಸರಿ ಹೋಗತೈತಿ."

ರತ್ನಮ್ಮ ಎದ್ದು ನಿಂತಳು. "ಅವರು ಕುಡಿಯಂಗಿಲ್ರಿ ಅಕ್ಕಾರ," ಎಂದಳು. ದನಿ ಏರಿಸಲಿಲ್ಲ. ಬಂದ ಬಾಗಿಲಿನಿಂದಲೇ ಹೋದಳು. ವೀರಣ್ಣನವರು ಒಂದು ಹನಿ ಮುಟ್ಟುವವರಲ್ಲವೆಂದು ನನಗೆ ಅವಳಷ್ಟೇ ಚೆನ್ನಾಗಿ ಗೊತ್ತಿತ್ತು.

ಮುಂದಿನದ್ದನ್ನು ಗಲ್ಲೆಯ ಮೇಲೆ ಕೂತೇ ನೋಡಿದೆ. ಅವಳು ಗಂಡನನ್ನು ಗಾಳಿ ಬಿಡಿಸುವವರ ಹತ್ತಿರ ಕರೆದೊಯ್ದಳು. ವಾಪಸು ಬಂದಾಗ ಅವರ ತಲೆ ಬೋಳಿಸಿತ್ತು, ಬೆನ್ನ ಮೇಲೆ ಬೇವಿನ ಬರಲಿನಿಂದ ಹೊಡೆದ ಗೀರುಗಳಿದ್ದವು. ಕೆಲವು ದಿನಗಳಲ್ಲಿ ಅಂಗಡಿಯ ಬಾಗಿಲು ಅರ್ಧ ಮುಚ್ಚಿತು. ರತ್ನಮ್ಮ ಒಬ್ಬಳೇ ಹಳೆಯ ಬಟ್ಟೆಗಳ ದುರಸ್ತಿ ಮಾಡಿಕೊಂಡಿದ್ದಳು. ಮಾತಾಡಿಸುವವರು ಕಡಿಮೆಯಾದರು. ಕುಡುಕನ ಹೆಂಡತಿ ಎಂಬ ಹೆಸರು ಬಂದಮೇಲೆ ಯಾರು ತಾನೇ... ನಾನೂ ಮಾತಾಡಿಸಲಿಲ್ಲ.

ಸುಮಾಳ ಮದುವೆ ಚೆನ್ನಾಗಿಯೇ ಆಯಿತು. ನನ್ನ ಗಂಡ ಹೇಳಿದ್ದು ಮದುವೆ ಮುಗಿಯುವವರೆಗೆ. ಮದುವೆ ಮುಗಿದ ಮರುದಿನ ರಸ್ತೆ ದಾಟಿದ್ದರೆ ಸಾಕಿತ್ತು. ಇವತ್ತು ಬೇಡ, ಹಬ್ಬ ಕಳೆಯಲಿ, ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದರೆ ಏನು ಹೇಳಲಿ — ಹೀಗೆ. ತಡೆಯುವವರು ಯಾರೂ ಇಲ್ಲದಾಗಲೂ ಬಾಯಿ ಬಿಡದವಳು ನಾನು.

ಒಂದು ಬೆಳಿಗ್ಗೆ ಎದುರು ಮನೆಯಿಂದ ಕೂಗು ಕೇಳಿಸಿತು. ಯಾರೋ ನಂಬಿ ಕೊಟ್ಟ ಹೊಸ ಬಟ್ಟೆಯನ್ನು ವೀರಣ್ಣನವರು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹಾಕಿದ್ದರಂತೆ. ರತ್ನಮ್ಮ ಅಳತೆಯ ಕಟ್ಟಿಗೆಯಿಂದಲೇ ಹೊಡೆಯುತ್ತಿದ್ದಳು. "ಬೇಕಂತ ಮಾಡ್ತಿಯಾ? ನನ್ನ ಸಾಯಿಸಬೇಕಂತ ಮಾಡ್ತಿಯಾ?" ಎಂದು ಅವಳು ಅಳುತ್ತಲೇ ಹೊಡೆಯುತ್ತಿದ್ದಳು. ಅವರು ಕೈ ಅಡ್ಡ ಹಿಡಿದು, "ಅವ್ವಾ, ಹೊಡಿಬ್ಯಾಡವ್ವಾ," ಎನ್ನುತ್ತಿದ್ದರು.

ಹೆಂಡತಿಗೆ ಅವ್ವಾ ಎನ್ನುತ್ತಿದ್ದರು. ಕೂಡಿದ ಜನ ನಕ್ಕರು. ನಾನು ನಗಲಿಲ್ಲ, ಆದರೆ ಹೋಗಿ ಆ ಕಟ್ಟಿಗೆಯನ್ನು ಹಿಡಿಯಲೂ ಇಲ್ಲ. ಗಿರಾಕಿಯೊಬ್ಬರಿಗೆ ಬೇಳೆ ಕಟ್ಟುತ್ತಿದ್ದೆ. ಕಟ್ಟಿ ಮುಗಿಸಿದೆ.

ಆ ಮಳೆಗಾಲ ಕಳೆಯುವುದರೊಳಗೆ ವೀರಣ್ಣನವರು ಜ್ವರ ಬಂದು ತೀರಿಕೊಂಡರು. ಊರಿನವರೊಂದಿಗೆ ನಾನೂ ಹೋದೆ. ರತ್ನಮ್ಮ ನನ್ನ ಕೈ ಹಿಡಿದುಕೊಂಡಳು — ನನ್ನ ಕೈಯನ್ನೇ. "ನಾ ಅವರಿಗೆ ಹೊಡದೇನ್ರಿ ಅಕ್ಕಾರ. ಬೇಕಂತ ಮಾಡ್ತಾರ ಅಂತ ಹೊಡದೆ. ಸಾಯೋ ಮುಂದ ಗೊತ್ತಾತು, ಅವರಿಗೆ ಏನೂ ತಿಳೀತಿದ್ದಿಲ್ಲ ಅಂತ. ಮೊದಲ ಗೊತ್ತಿದ್ರ ಹೊಡಿತಿದ್ದಿಲ್ರಿ," ಎಂದಳು. ನಾನು ಅವಳ ಬೆನ್ನು ಸವರಿದೆ. ಸಮಾಧಾನ ಮಾಡ್ಕೋ ಎಂದೆ. ತಿಂಗಳೊಳಗೆ ಅವಳ ಅಣ್ಣ ಬಂದು ಹಡಗಲಿಗೆ ಕರೆದುಕೊಂಡು ಹೋದ.

ಆಮೇಲೆ ಎರಡು ಚಳಿಗಾಲ ಕಳೆದು ನಮ್ಮತ್ತೆಯೂ ಹೋದರು. ಮಣ್ಣಿಗೆ ಬಂದ ಸುಮಾಳ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಸುಮಾ ನಮಗ ಎಂದೋ ಹೇಳ್ಯಾಳ್ರಿ. ನೀವು ಒಬ್ಬರೇ ಯಾಕ ಒದ್ದಾಡಿದ್ರಿ? ಹೇಳಿದ್ರ ನಾವೂ ಬಂದು ನಾಲ್ಕು ದಿನ ನೋಡ್ಕೊಂತಿದ್ವಿ," ಎಂದರು. ನಾನು ಅಷ್ಟು ಕಾಲ ಹೆದರಿದ್ದು ಈ ಹೆಂಗಸಿಗೆ.

ವರ್ಷಗಳು ಹೋದವು. ಒಂದು ದಿನ ಪೇಪರಿನಲ್ಲಿ ಈ ಕಾಯಿಲೆಯ ಬಗ್ಗೆ ಬಂದಿತ್ತು. ಅಂಗಡಿಯಲ್ಲಿ ಕೂತು ಓದುತ್ತಿದ್ದವರೊಬ್ಬರು, "ಟೇಲರ್ ವೀರಣ್ಣಗ ಆಗಿದ್ದು ಇದೇ ನೋಡ್ರಿ, ಪಾಪ," ಎಂದರು. ಹಡಗಲಿಯಲ್ಲೂ ಯಾರಾದರೂ ರತ್ನಮ್ಮನಿಗೆ ಓದಿ ಹೇಳಿಯಾರು. ಅದಕ್ಕೂ ಮೊದಲು ಅವಳು ನನ್ನಿಂದ ಕೇಳಬೇಕು ಅನ್ನಿಸಿತು. ಹೋದದ್ದು ಒಳ್ಳೆಯತನದಿಂದಲೋ, ಭಯದಿಂದಲೋ — ನನಗೇ ಖಾತ್ರಿಯಿಲ್ಲ. ಮರುದಿನದ ಬಸ್ಸು ಹತ್ತಿದೆ.

ರತ್ನಮ್ಮ ಅಣ್ಣನ ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಳು. ಕೂದಲು ಪೂರ್ತಿ ಬಿಳಿ. ಚಾಪೆ ಹಾಸಿದಳು, ನೀರು ಕೊಟ್ಟಳು. ನೀರು ಕುಡಿಯುವ ಮೊದಲೇ ಎಲ್ಲವನ್ನೂ ಹೇಳಿದೆ. ದಾವಣಗೆರೆ, ಡಾಕ್ಟರು, ಕಾಯಿಲೆಯ ಹೆಸರು, ಆ ದಿನದ ನನ್ನ ಸುಳ್ಳು.

ರತ್ನಮ್ಮ ಎದುರಿಗೆ ಕೂತು, "ನಿಮ್ಮ ಅತ್ತಿ ಅವತ್ತು ಒಳಗ ಇದ್ರು ಅಂತ ನನಗ ಗೊತ್ತಿತ್ರಿ. ನನ್ನಂಗ ನಿಮಗೂ ನಾಚಿಕಿ ಅಂದ್ಕೊಂಡಿದ್ದೆ. ನನ್ನಂಗ ನಿಮಗೂ ಏನೂ ಗೊತ್ತಿಲ್ಲ ಅಂದ್ಕೊಂಡಿದ್ದೆ," ಎಂದಳು. ಆಮೇಲೆ, "ಆ ಡಾಕ್ಟರು ಏನೇನು ಹೇಳಿದ್ರು? ಒಂದೂ ಬಿಡದಂಗ ಹೇಳ್ರಿ," ಎಂದಳು.

ಹೇಳಿದೆ. ಕೇಳಿದ್ದನ್ನೇ ಕೇಳಿದರೆ ಬೇಸರವಿಲ್ಲದೆ ಮತ್ತೆ ಹೇಳಬೇಕು. ವಾದ ಮಾಡಬಾರದು. ಕತ್ತರಿ, ಬೆಂಕಿಪೆಟ್ಟಿಗೆ ಕೈಗೆ ಸಿಗದಂತೆ ಇಡಬೇಕು. ಬದಲಿಗೆ ಕೈಗೆ ರೂಢಿಯಾದ ಸಣ್ಣ ಕೆಲಸ ಏನಾದರೂ ಕೊಡಬೇಕು. ಅಂಗಿಯ ಒಳಗೆ ಹೆಸರು, ಊರು ಹೊಲಿದಿರಬೇಕು, ದಾರಿ ತಪ್ಪಿದರೆ ಯಾರಾದರೂ ತಂದು ಬಿಡುತ್ತಾರೆ. ಸಿಟ್ಟು ಬಂದಾಗ ಹೊರಗೆ ಹೋಗಿ ನಿಂತು ಬರಬೇಕು. ಅವರು ಬೇಕೆಂದು ಮಾಡುವುದಿಲ್ಲ.

ಒಂದೊಂದಕ್ಕೂ ಅವಳು ತಲೆಯಾಡಿಸುತ್ತಿದ್ದಳು. ಅಂಗಿಯ ಮಾತು ಬಂದಾಗ ಮಾತ್ರ, "ಹೊಲಿಯೋದು ನಮಗ ಬರತಿತ್ತಲ್ರಿ," ಎಂದಳು. ಅಳಲಿಲ್ಲ. ಅಳುತ್ತಿದ್ದವಳು ನಾನು, ಅದಕ್ಕೂ ನನಗೆ ಹಕ್ಕಿರಲಿಲ್ಲ.

ಮುಗಿದ ಮೇಲೆ ಅವಳು ಎದ್ದು ಮಷಿನ್ ಮುಂದೆ ಕೂತಳು. ನಾನೂ ಎದ್ದೆ. ನಮ್ಮ ಕಡೆ ಮನೆಗೆ ಬಂದವರಿಗೆ, ಅವರು ಎಂಥವರೇ ಆಗಲಿ, ಹೋಗಿಬರ್ರಿ ಎನ್ನುತ್ತಾರೆ.

"ಹೋಗ್ರಿ ಅಕ್ಕಾರ," ಎಂದಳು ರತ್ನಮ್ಮ.